ಮುಂಬಯಿ, ಪುಣೆ, ಗೋವಾದಲ್ಲಿ ಪ್ರಾಚೀನ ಇತಿಹಾಸ ಮತ್ತು ಪುರಾತತ್ತ್ವದ ಎಂ.ಎ.: ಕನ್ನಡಿಗ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಲೋಣಾವಳದ ಹತ್ತಿರದ ಮಳವಲಿ ನಿಲ್ದಾಣದಲ್ಲಿ ಇಳಿದು, ಕಾರ್ಲೆಯ ಗುಡ್ಡ ಹತ್ತಿ, ಏಕವೀರಾ ದೇವಿಯ ದರ್ಶನಕ್ಕೆ ಬಂದವರ ಸಾಲನ್ನು ದಾಟಿ ಚೈತ್ಯಗೃಹದ, ಅಂದರೆ ಬಂಡೆಯಲ್ಲಿ ಕೊರೆದ ಬೌದ್ಧ ಪ್ರಾರ್ಥನಾಮಂದಿರದ, ಮುಂದೆ ನಿಂತರೆ, ಮುಖಮಂಟಪದ ಎಡತುದಿಯ ಗೋಡೆಯಲ್ಲಿ ಚಿಕ್ಕದೊಂದು ಬ್ರಾಹ್ಮೀ ಶಾಸನ ಕಾಣುತ್ತದೆ. ವೇಜಯಂತಿಯ ಸೇಠಿ ಭೂತಪಾಲನು ಜಂಬೂದ್ವೀಪದಲ್ಲೇ ಉತ್ತಮವಾದ ಈ ಸೇಲಘರವನ್ನು, ಅಂದರೆ ಶೈಲಗೃಹವನ್ನು, ಪೂರ್ಣಗೊಳಿಸಿದನೆಂದು ಪ್ರಾಕೃತದ ಆ ಬರಹ ಹೇಳುತ್ತದೆ. ವೇಜಯಂತಿಯೆಂದರೆ ವೈಜಯಂತಿ, ವಿದ್ವಾಂಸರು ಸಾಮಾನ್ಯವಾಗಿ ಅದನ್ನು ಉತ್ತರ ಕನ್ನಡ ಜಿಲ್ಲೆಯ ಬನವಾಸಿಯೆಂದು ಗುರುತಿಸುತ್ತಾರೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಬನವಾಸಿಯ ವರ್ತಕನೊಬ್ಬ ಪುಣೆಯ ಪಕ್ಕದ ಘಟ್ಟದಲ್ಲಿ ತನ್ನ ಹೆಸರನ್ನು ಬಿಟ್ಟುಹೋಗಿದ್ದಾನೆಂಬುದು ತಿಳಿದ ದಿನ, ಕರ್ನಾಟಕದಲ್ಲಿ ಬಿ.ಕಾಂ. ಮುಗಿಸಿ ಮುಂಬಯಿಗೆ ನೌಕರಿಗೆ ಬಂದಿದ್ದ ನಾನು ಈ ವಿದ್ಯೆಯನ್ನು ಕ್ರಮವಾಗಿ ಕಲಿಯಬೇಕೆಂದು ನಿಶ್ಚಯಿಸಿದೆ. ಮುಂದೆ ಪುಣೆಯಲ್ಲಿ ಎಂ.ಎ. ಮಾಡಿದೆ. ಆಗ ಯಾರಾದರೂ ಕನ್ನಡದಲ್ಲಿ ಹೇಳಿಕೊಟ್ಟಿದ್ದರೆ ನನಗೆ ಎಷ್ಟೋ ತಿಂಗಳು ಉಳಿಯುತ್ತಿದ್ದ ವಿಷಯಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಕೋರ್ಸಿಗಿಂತ ಮುಂಚೆ ಆಕರವನ್ನು ಆರಿಸಿಕೊಳ್ಳಿ

ಬಹುತೇಕ ವಿದ್ಯಾರ್ಥಿಗಳು ಪದವಿಯ ಹೆಸರನ್ನು ನೋಡಿ ಅರ್ಜಿ ಹಾಕುತ್ತಾರೆ. ಪ್ರಾಚೀನ ಭಾರತೀಯ ಇತಿಹಾಸ, ಸಂಸ್ಕೃತಿ ಮತ್ತು ಪುರಾತತ್ತ್ವ ಎಂದು ಒಂದು ಕಡೆ, ಪ್ರಾಚೀನ ಭಾರತೀಯ ಸಂಸ್ಕೃತಿ ಎಂದು ಇನ್ನೊಂದು ಕಡೆ, ಭಾರತೀಯ ವಿದ್ಯೆ ಎಂದು ಮತ್ತೊಂದು ಕಡೆ, ಬರಿಯ ಇತಿಹಾಸವೆಂದು ಮಗದೊಂದು ಕಡೆ ಇರುವುದರಿಂದ ಹೆಸರುಗಳಲ್ಲೇ ಗೊಂದಲವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಮುಂದಿನ ಹತ್ತು ವರ್ಷ ನಿಮ್ಮ ಕೈಯಲ್ಲಿ ಯಾವ ಆಕರ ಇರಬೇಕು? ಮಣ್ಣೇ, ಕಲ್ಲೇ, ಓಲೆಯೇ?

ಮಣ್ಣಿನವರು ಉತ್ಖನನದವರು. ಅವರಿಗೆ ಮಡಕೆಯ ಬೋಕಿ, ಎಲುಬು, ಸುಟ್ಟ ಕಾಳು, ಕಲ್ಲಿನ ಆಯುಧ ಇವೇ ದಾಖಲೆಗಳು. ಬಿಸಿಲು, ಧೂಳು, ಬೆಳಗಿನ ಆರು ಗಂಟೆಯ ಕೆಲಸ ಇವೆಲ್ಲ ಒಗ್ಗಬೇಕು. ಕಲ್ಲಿನವರು ಶಾಸನ, ನಾಣ್ಯ, ಶಿಲ್ಪ, ದೇವಾಲಯಗಳನ್ನು ಓದುವವರು. ಇವರಿಗೆ ಲಿಪಿ ಮತ್ತು ಭಾಷೆಗಳ ತಯಾರಿ ಮುಖ್ಯ. ಓಲೆಯವರು ಸಂಸ್ಕೃತ, ಪಾಳಿ, ಪ್ರಾಕೃತ, ಹಳಗನ್ನಡ ಗ್ರಂಥಗಳ ಹಸ್ತಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯ ಮಾಡುವವರು. ಇವರು ಇತಿಹಾಸ ವಿಭಾಗಕ್ಕಿಂತ ಸಂಸ್ಕೃತ ಅಥವಾ ಪಾಳಿ ವಿಭಾಗದಲ್ಲಿ ಹೆಚ್ಚು ಬೆಳೆಯುತ್ತಾರೆ. ಪಾಶ್ಚಾತ್ಯರು ಅಭಿಜಾತ ಅಧ್ಯಯನವೆಂದು ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳನ್ನು ಓದುವಂತೆ ನಮ್ಮಲ್ಲಿ ಈ ಭಾಷೆಗಳಿವೆ. ಕನ್ನಡಕ್ಕೆ 2008ರಲ್ಲಿ, ಮರಾಠಿ, ಪಾಳಿ ಮತ್ತು ಪ್ರಾಕೃತಗಳಿಗೆ 2024ರಲ್ಲಿ ಶಾಸ್ತ್ರೀಯ ಸ್ಥಾನಮಾನ ದೊರೆತಿದೆ. ಗ್ರೀಕ್ ಕಲಿಯುವ ಹಂಬಲವಿದ್ದವರಿಗೂ ಈ ಕರಾವಳಿಯಲ್ಲಿ ಕೆಲಸವಿದೆ, ಏಕೆಂದರೆ ಕ್ರಿ.ಶ. ಒಂದನೇ ಶತಮಾನದ ಗ್ರೀಕ್ ನಾವಿಕ ಕೈಪಿಡಿಯಾದ ಪೆರಿಪ್ಲಸ್‌ನಲ್ಲಿ ಸೋಪಾರಾ, ಕಲ್ಯಾಣ ಮತ್ತು ಚೌಲ್ ಬಂದರುಗಳ ಹೆಸರುಗಳು ಬರುತ್ತವೆ.

ಯಾವುದು ನಿಮ್ಮದೆಂದು ಕುಳಿತಲ್ಲೇ ತೀರ್ಮಾನಿಸಲು ಆಗದು. ಒಂದು ಭಾನುವಾರ ಬೋರಿವಲಿಯಿಂದ ಕಾನ್ಹೇರಿಯ ಬೌದ್ಧ ಗುಹೆಗಳಿಗೆ ಹೋಗಿ ಬನ್ನಿ. ಇನ್ನೊಂದು ದಿನ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಸೋಪಾರಾದ ಅಶೋಕ ಶಾಸನದ ತುಣುಕನ್ನು ನೋಡಿ. ಮತ್ತೊಂದು ದಿನ ಪುಣೆಯ ಡೆಕ್ಕನ್ ಕಾಲೇಜಿನ ವಸ್ತು ಸಂಗ್ರಹಾಲಯದಲ್ಲಿ ಇನಾಮ್‌ಗಾಂವ್‌ನ ಮಡಕೆಗಳ ಮುಂದೆ ಒಂದು ತಾಸು ಕಳೆಯಿರಿ. ಎಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲವೋ ಅದನ್ನು ಗುರುತು ಹಾಕಿಕೊಳ್ಳಿ.

ಎರಡನೇ ಹೆಜ್ಜೆ: ಯಾವ ಊರಿನಲ್ಲಿ ಏನು ಸಿಗುತ್ತದೆ

ಮಣ್ಣಿನ ಕೆಲಸ ಕಲಿಯಬೇಕೆನ್ನುವವರು ಮೊದಲು ನೋಡಬೇಕಾದದ್ದು ಪುಣೆಯ ಯೆರವಡಾದಲ್ಲಿರುವ ಡೆಕ್ಕನ್ ಕಾಲೇಜನ್ನು. 1821ರಲ್ಲಿ ಸಂಸ್ಕೃತ ಪಾಠಶಾಲೆಯಾಗಿ ಹುಟ್ಟಿದ ಈ ಸಂಸ್ಥೆ ನಡುವೆ ಮುಚ್ಚಿಹೋಗಿ, 1939ರಲ್ಲಿ ಸ್ನಾತಕೋತ್ತರ ಮತ್ತು ಸಂಶೋಧನ ಸಂಸ್ಥೆಯಾಗಿ ಮತ್ತೆ ಆರಂಭವಾಯಿತು. 1990ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಇಲ್ಲಿ ಪುರಾತತ್ತ್ವವನ್ನು ಕಟ್ಟಿ ಬೆಳೆಸಿದವರು ಎಚ್.ಡಿ. ಸಾಂಕಳಿಯಾ. ಜೋರ್ವೆ, ನೆವಾಸಾ, ನಾವ್ಡಾಟೋಲಿಗಳಿಂದ ತೊಡಗಿ ಇನಾಮ್‌ಗಾಂವ್‌ವರೆಗೆ ದಖ್ಖನಿನ ಮೊದಲ ರೈತರ ಬದುಕು ನಮಗೆ ತಿಳಿದಿರುವುದು ಬಹುಮಟ್ಟಿಗೆ ಇಲ್ಲಿನವರ ದುಡಿಮೆಯಿಂದ. ಘೋಡ ನದಿಯ ದಂಡೆಯ ಇನಾಮ್‌ಗಾಂವ್‌ನಲ್ಲಿ 1968ರಿಂದ 1983ರವರೆಗೆ ನಡೆದ ಉತ್ಖನನದಲ್ಲಿ ಮನೆಯ ನೆಲದ ಕೆಳಗೆ ಎರಡು ಮಡಕೆಗಳನ್ನು ಬಾಯಿಗೆ ಬಾಯಿ ಜೋಡಿಸಿ ಹೂತಿದ್ದ ಮಕ್ಕಳ ಸಮಾಧಿಗಳು ದೊರೆತವು. ನಾಲ್ಕು ಕಾಲುಗಳುಳ್ಳ ದೊಡ್ಡ ಮಣ್ಣಿನ ಹರವಿಯೊಳಗೆ ಕುಳ್ಳಿರಿಸಿದ್ದ ವಯಸ್ಕನ ಅಸ್ಥಿಪಂಜರವೂ ದೊರೆಯಿತು. ಇದನ್ನು ಪುಸ್ತಕದಲ್ಲಿ ಓದುವುದು ಬೇರೆ, ಆ ಹರವಿಯ ಎದುರು ನಿಲ್ಲುವುದು ಬೇರೆ.

ಕನ್ನಡಿಗರಿಗೆ ಈ ಸಂಸ್ಥೆಯೊಂದಿಗೆ ಇನ್ನೊಂದು ನಂಟಿದೆ. ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆಗಳಲ್ಲಿ ಹಳೆ ಶಿಲಾಯುಗದ ನೆಲೆಗಳನ್ನು ದಶಕಗಳ ಕಾಲ ಶೋಧಿಸಿದ ಕೆ. ಪದ್ದಯ್ಯ ಇಲ್ಲಿಯವರೇ, ಇಸಾಂಪುರದಲ್ಲಿ ಆದಿಮಾನವನು ಸುಣ್ಣಕಲ್ಲಿನ ಬಂಡೆಗಳಿಂದ ಕೈಗೊಡಲಿಗಳನ್ನು ತಯಾರಿಸುತ್ತಿದ್ದ ತಾಣ ಬೆಳಕಿಗೆ ಬಂದದ್ದು ಈ ಕೆಲಸದಿಂದಲೇ. ಆ ಕಡೆಯ ಊರುಗಳಿಂದ ಬಂದ ವಿದ್ಯಾರ್ಥಿಗೆ ತನ್ನ ಹೊಲದ ಬದುವಿನ ಕಲ್ಲುಗಳು ತರಗತಿಯ ಪಾಠವಾಗಿ ಎದುರಾಗುತ್ತವೆ.

ಓಲೆಯವರಿಗೂ ಪುಣೆ ತವರು. 1917ರಲ್ಲಿ ಸ್ಥಾಪನೆಯಾದ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ ಸಾವಿರಾರು ಹಸ್ತಪ್ರತಿಗಳಿವೆ; ಮಹಾಭಾರತದ ವಿಮರ್ಶಾತ್ಮಕ ಆವೃತ್ತಿ ಸಿದ್ಧವಾದದ್ದು ಅಲ್ಲಿಯೇ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದಲ್ಲಿ ಇತಿಹಾಸ, ಸಂಸ್ಕೃತ–ಪ್ರಾಕೃತ ಹಾಗೂ ಪಾಳಿ ವಿಭಾಗಗಳಿವೆ. ಟಿಳಕ್ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಭಾರತೀಯ ವಿದ್ಯೆಯ ಎಂ.ಎ. ಇದೆ.

ಮುಂಬಯಿಯಲ್ಲಿ ನೌಕರಿ ಅಥವಾ ಮನೆಯ ಹೊಣೆಯಿಂದ ಊರು ಬಿಡಲಾಗದವರು ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದ ಇತಿಹಾಸ ಮತ್ತು ಸಂಸ್ಕೃತ ವಿಭಾಗಗಳನ್ನು ನೋಡಬೇಕು. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಪ್ರಾಚೀನ ಭಾರತೀಯ ಸಂಸ್ಕೃತಿಗೆಂದೇ ಪ್ರತ್ಯೇಕ ವಿಭಾಗವಿದೆ. ಪಾರ್ಲೆಯ ಸಾಠ್ಯೆ ಕಾಲೇಜಿನಲ್ಲೂ ಈ ವಿಷಯದ ಬೋಧನೆ ನಡೆಯುತ್ತದೆ. ಝೇವಿಯರ್ಸ್ ಆವರಣದಲ್ಲೇ ಇರುವ ಹೆರಾಸ್ ಸಂಸ್ಥೆಯನ್ನು 1926ರಲ್ಲಿ ಆರಂಭಿಸಿದ ಸ್ಪೇನಿನ ಜೆಸ್ಯೂಟ್ ಪಾದ್ರಿ ಹೆನ್ರಿ ಹೆರಾಸ್, ವಿಜಯನಗರದ ಅರವೀಡು ವಂಶದ ಇತಿಹಾಸವನ್ನು ಬರೆದವರು, ಗೋವಾದ ಚಾಂದೋರಿನಲ್ಲಿ 1929ರಲ್ಲಿ ಉತ್ಖನನ ನಡೆಸಿದವರು, ಸಾಂಕಳಿಯಾ ಅವರಿಗೆ ಗುರುಗಳೂ ಆಗಿದ್ದವರು. ಈ ಮೂರು ಊರುಗಳ ವಿದ್ಯಾಪರಂಪರೆ ಹೀಗೆ ಒಬ್ಬರ ಮೂಲಕ ಇನ್ನೊಬ್ಬರಿಗೆ ಹರಿದಿರುವುದನ್ನು ನೆನೆದಾಗ ನನಗೆ ಇಂದಿಗೂ ಸಂತೋಷವಾಗುತ್ತದೆ. 1804ರಲ್ಲಿ ಹುಟ್ಟಿದ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯ ಕೋಟೆ ಪ್ರದೇಶದ ಟೌನ್ ಹಾಲಿನಲ್ಲಿದೆ, ಎಂ.ಎ. ವಿದ್ಯಾರ್ಥಿಗೆ ಅದು ಎರಡನೇ ತರಗತಿಯಿದ್ದಂತೆ.

ಗೋವಾದ ಮಾತು ಬೇರೆ. ತಾಳೆಗಾಂವ್ ಪ್ರಸ್ಥಭೂಮಿಯ ಗೋವಾ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ. ಮಾಡುವವರಿಗೆ ಗೋವಾ ಕದಂಬರು ಮನೆಬಾಗಿಲಲ್ಲೇ ಇದ್ದಾರೆ: ಚಂದ್ರಪುರವೆಂಬ ಹಳೆಯ ರಾಜಧಾನಿ ಇಂದಿನ ಚಾಂದೋರ್, ಗೋಪಕಪಟ್ಟಣ ಇಂದಿನ ಗೋವಾ ವೇಲ್ಹಾ, ಘಟ್ಟದ ಬುಡದ ತಾಂಬ್ಡಿ ಸುರ್ಲಾದಲ್ಲಿ ಅವರ ಕಾಲದ ಮಹಾದೇವ ದೇವಾಲಯ. ಕುಶಾವತಿ ನದಿಯ ದಂಡೆಯ ಉಸಗಾಳಿಮಳದಲ್ಲಿ ಜಂಬಿಟ್ಟಿಗೆಯ ನೆಲದ ಮೇಲೆ ಕೊರೆದ ಪ್ರಾಗೈತಿಹಾಸಿಕ ಗೂಳಿ, ಜಿಂಕೆ, ಸುರುಳಿಗಳ ಚಿತ್ರಗಳಿವೆ. ಸಮುದ್ರದಡಿಯ ಪುರಾತತ್ತ್ವದಲ್ಲಿ ಆಸಕ್ತಿಯಿದ್ದವರಿಗೆ ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಮುಖ್ಯ. ಅಲ್ಲಿ ಈ ಕೆಲಸಕ್ಕೆ 1981ರಲ್ಲಿ ಅಡಿಪಾಯ ಹಾಕಿದವರು ಹರಪ್ಪ ನಾಗರಿಕತೆಯ ಊರಾದ ಲೋಥಲ್‌ನ ಉತ್ಖನನದ ನೇತೃತ್ವ ವಹಿಸಿದ್ದ ನಮ್ಮ ಶಿಕಾರಿಪುರ ರಂಗನಾಥ ರಾವ್. ಆದರೆ ಅದು ಸಂಶೋಧನ ಸಂಸ್ಥೆ; ಎಂ.ಎ. ಮುಗಿಸಿಕೊಂಡು ಹೋಗುವ ಜಾಗ.

ಮೂರನೇ ಹೆಜ್ಜೆ: ಪ್ರವೇಶಕ್ಕೆ ಆರು ತಿಂಗಳ ಮುಂಚೆಯೇ ಲಿಪಿ ಮತ್ತು ಭಾಷೆ

ಈ ಹೆಜ್ಜೆಯನ್ನು ದಯವಿಟ್ಟು ದಾಟಿ ಹೋಗಬೇಡಿ. ಎಂ.ಎ.ಯ ನಾಲ್ಕು ಸೆಮಿಸ್ಟರುಗಳಲ್ಲಿ ಶಾಸನಶಾಸ್ತ್ರಕ್ಕೆ ಸಿಗುವ ಸಮಯ ಕಡಿಮೆ. ಮೊದಲೇ ಬ್ರಾಹ್ಮಿಯನ್ನು ಕಲಿತು ಬಂದವರು ತರಗತಿಯಲ್ಲಿ ಶಾಸನದ ಅರ್ಥವನ್ನು ಚರ್ಚಿಸುತ್ತಿರುವಾಗ, ಕಲಿಯದೆ ಬಂದವರು ಅಕ್ಷರ ಕೂಡಿಸುವುದರಲ್ಲೇ ಇರುತ್ತಾರೆ.

ಕನ್ನಡ ಓದಲು ಬರುವವರಿಗೆ ಇಲ್ಲೊಂದು ಅನುಕೂಲವಿದೆ. ಅಶೋಕನ ಬ್ರಾಹ್ಮಿಯ ‘ಠ’ ಒಂದು ಬರಿಯ ವೃತ್ತ. ನಮ್ಮ ಠ ಅಕ್ಷರದಲ್ಲಿ ಆ ವೃತ್ತ ತಲೆಕಟ್ಟಿನ ಕೆಳಗೆ ಇಂದಿಗೂ ಉಳಿದಿದೆ. ಬ್ರಾಹ್ಮಿಯ ‘ಥ’ ವೃತ್ತದ ನಡುವೆ ಒಂದು ಚುಕ್ಕಿ. ನಮ್ಮ ಥ ಅಕ್ಷರದ ಹೊಟ್ಟೆಯಲ್ಲಿ ಆ ಚುಕ್ಕಿಯ ಗುರುತು ಇನ್ನೂ ಇದೆ. ಬ್ರಾಹ್ಮಿಯ ‘ಕ’ ಕೂಡಿಸುವ ಚಿಹ್ನೆಯಂತಿದ್ದು, ಶತಮಾನದಿಂದ ಶತಮಾನಕ್ಕೆ ಅದರ ತೋಳುಗಳು ಬಾಗುತ್ತ ಬಂದು ಇಂದಿನ ರೂಪ ತಾಳಿತು. ಹಾಗಾಗಿ ಕಾರ್ಲೆಯ ಗೋಡೆಯ ಮುಂದೆ ನಿಂತಾಗ ಮೊದಲು ‘ಸೇಠಿನಾ’ ಎಂಬ ಪದದ ಆ ವೃತ್ತವನ್ನು ಹುಡುಕಿ. ಅದು ಸಿಕ್ಕರೆ ಅದರ ಎರಡೂ ಬದಿಯ ಅಕ್ಷರಗಳು ತಾವಾಗಿಯೇ ಬಿಡಿಸಿಕೊಳ್ಳತೊಡಗುತ್ತವೆ. ಮುಂದೆ ‘ಪರಿನಿಠಪಿತ’ ಎಂಬಲ್ಲಿ ಅದೇ ವೃತ್ತ ಮತ್ತೆ ಕಾಣುತ್ತದೆ. ನಾನು ಓದಿದ ಮೊದಲ ಬ್ರಾಹ್ಮೀ ಪದ ಅದೇ.

ಕ್ರಮ ಹೀಗಿರಲಿ. ಮೊದಲ ಎರಡು ತಿಂಗಳು ದಿನಕ್ಕೆ ಅರ್ಧ ತಾಸು ಬ್ರಾಹ್ಮಿಯನ್ನು ಕೈಯಲ್ಲಿ ಬರೆದು ಕಲಿಯಿರಿ. ಕಣ್ಣಿನಿಂದ ಗುರುತಿಸಿದ್ದು ಮರೆತುಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಮುಂದಿನ ಎರಡು ತಿಂಗಳು ಸಂಸ್ಕೃತದ ವಿಭಕ್ತಿ ಮತ್ತು ಕ್ರಿಯಾಪದಗಳ ಮೂಲರೂಪಗಳು; ಅವು ಒಮ್ಮೆ ಹತ್ತಿದರೆ ಪ್ರಾಕೃತ ಅರ್ಧದಷ್ಟು ಸುಲಭವಾಗುತ್ತದೆ. ಕೊನೆಯ ಎರಡು ತಿಂಗಳು ಹಳಗನ್ನಡ ಶಾಸನಗಳ ಗದ್ಯ. ‘ಸ್ವಸ್ತಿ ಸಮಸ್ತಭುವನಾಶ್ರಯ’ ಎಂದು ತೊಡಗುವ ಚಾಲುಕ್ಯ ಶಾಸನಗಳಲ್ಲಿ ಬಿರುದು, ತಿಥಿ, ದಾನ, ಗಡಿ, ಶಾಪ ಎಂಬ ಕ್ರಮ ಮತ್ತೆ ಮತ್ತೆ ಬರುವುದರಿಂದ ಹತ್ತು ಶಾಸನ ಓದಿದವರಿಗೆ ಹನ್ನೊಂದನೆಯದು ಹೊಸದೆನಿಸುವುದಿಲ್ಲ. ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರ, ಲಾತೂರು, ನಾಂದೇಡ್ ಜಿಲ್ಲೆಗಳಲ್ಲಿ ಕನ್ನಡ ಶಾಸನಗಳು ಹೇರಳವಾಗಿವೆ. ಮಹಾರಾಷ್ಟ್ರದ ಮಧ್ಯಯುಗದ ಇತಿಹಾಸ ಬರೆಯಲು ಹಳಗನ್ನಡ ಬೇಕೇ ಬೇಕು. ನಿಮ್ಮ ಸಹಪಾಠಿಗಳು ವರ್ಷಗಟ್ಟಲೆ ಕಷ್ಟಪಟ್ಟು ಕಲಿಯಬೇಕಾದದ್ದು ನಿಮಗೆ ಮನೆಮಾತಿನ ಹಳೆಯ ರೂಪ. ಇದನ್ನು ಹೆಮ್ಮೆಗಷ್ಟೇ ಇಟ್ಟುಕೊಳ್ಳದೆ ಕೆಲಸಕ್ಕೆ ತನ್ನಿ.

ಮರಾಠಿಯ ವಿಷಯದಲ್ಲಿ ಸಂಕೋಚ ಬೇಡ. ಪಾಠ ಮತ್ತು ಪರೀಕ್ಷೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆದರೂ, ಹಳ್ಳಿಗೆ ಹೋಗಿ ದೇವಸ್ಥಾನದ ಹಿಂದಿನ ಕಲ್ಲನ್ನು ತೋರಿಸಿರೆಂದು ಕೇಳಲು ಮರಾಠಿಯೋ ಕೊಂಕಣಿಯೋ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷ್ ಓದಿಗೆ ಹೆದರುತ್ತಾರೆ. ಉತ್ಖನನ ವರದಿಗಳ ಇಂಗ್ಲಿಷ್ ಕೆಲವೇ ನೂರು ಪದಗಳಲ್ಲಿ ತಿರುಗುವ ಭಾಷೆ. ಒಂದು ವರದಿಯನ್ನು ನಿಘಂಟಿನೊಂದಿಗೆ ಕೊನೆತನಕ ಓದಿದರೆ ಎರಡನೆಯದಕ್ಕೆ ನಿಘಂಟು ಬೇಕಾಗುವುದು ಕಡಿಮೆ.

ನಾಲ್ಕನೇ ಹೆಜ್ಜೆ: ಅರ್ಜಿ, ದಾಖಲೆ, ಸಂದರ್ಶನ

ಪುರಾತತ್ತ್ವದ ಎಂ.ಎ.ಗೆ ಇತಿಹಾಸದಲ್ಲೇ ಪದವಿ ಆಗಿರಬೇಕೆಂಬ ಭಾವನೆ ಸರಿಯಲ್ಲ. ವಾಣಿಜ್ಯ, ವಿಜ್ಞಾನ, ಎಂಜಿನಿಯರಿಂಗ್ ಓದಿದವರೂ ಬರುತ್ತಾರೆ, ಭೂವಿಜ್ಞಾನ ಮತ್ತು ಪ್ರಾಣಿಶಾಸ್ತ್ರದವರಂತೂ ಮಣ್ಣು ಮತ್ತು ಎಲುಬುಗಳ ಅಧ್ಯಯನದಲ್ಲಿ ಬೇಗ ಮುಂದೆ ಹೋಗುತ್ತಾರೆ. ಆಯಾ ವರ್ಷದ ಪ್ರವೇಶ ಪ್ರಕಟಣೆಯಲ್ಲಿ ಅರ್ಹತೆ, ಪ್ರವೇಶ ಪರೀಕ್ಷೆ, ಕೊನೆಯ ದಿನಾಂಕಗಳನ್ನು ನೋಡಿಕೊಳ್ಳಿ. ಸಾಮಾನ್ಯವಾಗಿ ಎಂ.ಎ. ಎರಡು ವರ್ಷದ್ದು, ಹೊಸ ಶಿಕ್ಷಣ ನೀತಿಯಡಿ ನಾಲ್ಕು ವರ್ಷದ ಆನರ್ಸ್ ಪದವಿ ಮುಗಿಸಿದವರಿಗೆ ಒಂದು ವರ್ಷದ ಎಂ.ಎ.ಗೆ ಅವಕಾಶ ಕಲ್ಪಿಸಲಾಗಿದೆ.

ಕರ್ನಾಟಕದ ವಿಶ್ವವಿದ್ಯಾಲಯಗಳಿಂದ ಬರುವವರು ಮೈಗ್ರೇಷನ್ ಸರ್ಟಿಫಿಕೇಟ್ ಮತ್ತು ಟಿ.ಸಿ.ಗಳನ್ನು ಪದವಿಯ ಫಲಿತಾಂಶ ಬಂದ ವಾರದಲ್ಲೇ ಪಡೆಯಲು ತೊಡಗಬೇಕು. ನಾನು ಅದನ್ನು ಪ್ರವೇಶ ಖಚಿತವಾದ ಮೇಲೆ ಮಾಡೋಣವೆಂದು ಬಿಟ್ಟಿದ್ದೆ. ಪದವಿ ಕೊಟ್ಟ ವಿಶ್ವವಿದ್ಯಾಲಯದಿಂದ ಅದು ಕೈಸೇರಲು ಎರಡು ತಿಂಗಳಾಯಿತು, ಅಷ್ಟು ದಿನವೂ ತಾತ್ಕಾಲಿಕ ಪ್ರವೇಶದ ಮೇಲೆ ನಿದ್ದೆಗೆಟ್ಟು ತರಗತಿಗೆ ಹೋದೆ. ಓದಿನ ನಡುವೆ ವರ್ಷಗಳ ಅಂತರವಿದ್ದರೆ ಅದಕ್ಕೊಂದು ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಒಂದು ರಾಜ್ಯದ ಜಾತಿ ಪ್ರಮಾಣಪತ್ರ ಇನ್ನೊಂದು ರಾಜ್ಯದ ಮೀಸಲಾತಿಗೆ ಸಾಮಾನ್ಯವಾಗಿ ಸಲ್ಲುವುದಿಲ್ಲ. ಮಹಾರಾಷ್ಟ್ರ ಸರ್ಕಾರದ ಮಹಾಡಿಬಿಟಿ ಜಾಲತಾಣದ ವಿದ್ಯಾರ್ಥಿವೇತನಗಳಿಗೂ ಮಹಾರಾಷ್ಟ್ರದ ವಾಸಪ್ರಮಾಣ ಬೇಕಾಗುತ್ತದೆ. ಇದನ್ನು ಮೊದಲೇ ವಿಚಾರಿಸಿಕೊಂಡು ಹಣದ ಲೆಕ್ಕ ಹಾಕಿ.

ಸಂದರ್ಶನವಿದ್ದರೆ ಇಡೀ ಭಾರತದ ಇತಿಹಾಸವನ್ನು ಬಾಯಿಪಾಠ ಮಾಡಿಕೊಂಡು ಹೋಗುವುದಕ್ಕಿಂತ ನಿಮ್ಮ ಸೀಮೆಯ ಒಂದು ನೆಲೆಯನ್ನು ಚೆನ್ನಾಗಿ ತಿಳಿದು ಹೋಗಿ. ರಾಯಚೂರಿನವರು ಅಶೋಕನ ಹೆಸರು ಸ್ಪಷ್ಟವಾಗಿ ಬರುವ ಮಸ್ಕಿಯ ಶಾಸನವನ್ನು, ಚಿತ್ರದುರ್ಗದವರು 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ ಬ್ರಹ್ಮಗಿರಿಯನ್ನು, ಬಳ್ಳಾರಿಯವರು ಸಂಗನಕಲ್ಲನ್ನು, ಹಾಸನದವರು ಹಲ್ಮಿಡಿಯನ್ನು ಕುರಿತು ಹತ್ತು ನಿಮಿಷ ನಿಖರವಾಗಿ ಮಾತಾಡಬಲ್ಲರಾದರೆ ಎದುರಿಗೆ ಕುಳಿತವರಿಗೆ ಅಷ್ಟು ಸಾಕು.

ವಸತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪುಣೆಯಲ್ಲಿ ವಿದ್ಯಾರ್ಥಿನಿಲಯಕ್ಕೆ ಪ್ರವೇಶದ ಅರ್ಜಿಯೊಂದಿಗೇ ಕೇಳಿಕೊಳ್ಳಿ. ಮುಂಬಯಿಯಲ್ಲಿ ಕಾಲೇಜಿನ ಹತ್ತಿರಕ್ಕಿಂತ ರೈಲು ನಿಲ್ದಾಣದ ಹತ್ತಿರ ಮನೆ ಹುಡುಕಿ.

ಐದನೇ ಹೆಜ್ಜೆ: ಎರಡು ವರ್ಷಗಳನ್ನು ಬಳಸಿಕೊಳ್ಳುವ ಬಗೆ

ಮಳೆಗಾಲ ತರಗತಿ ಮತ್ತು ಗ್ರಂಥಾಲಯಕ್ಕೆ, ಚಳಿಗಾಲ ಕ್ಷೇತ್ರಕಾರ್ಯಕ್ಕೆ ಎಂಬುದು ದಖ್ಖನಿನ ಪುರಾತತ್ತ್ವದ ಹಳೆಯ ಪಂಚಾಂಗ. ಮೊದಲ ಚಳಿಗಾಲದಲ್ಲೇ ಯಾವುದಾದರೂ ಉತ್ಖನನದಲ್ಲಿ ಸೇರಿಕೊಳ್ಳಲು ಅಧ್ಯಾಪಕರನ್ನು ಕೇಳಿ. ಕೈಗೆ ಸಿಗುವ ಸಾಮಾನು ಗಾರೆಯವರದೇ: ಕರಣೆ, ರಸಮಟ್ಟ, ತೂಗುಗುಂಡು, ದಾರ, ಅಳತೆಪಟ್ಟಿ, ಜೊತೆಗೆ ಬ್ರಷ್, ಗ್ರಾಫ್ ಹಾಳೆ ಮತ್ತು ಮಣ್ಣಿನ ಬಣ್ಣ ಗುರುತಿಸುವ ಮುನ್ಸೆಲ್ ಪಟ್ಟಿ. ಕುಳಿಯ ಗೋಡೆಯನ್ನು ಕರಣೆಯಿಂದ ನುಣ್ಣಗೆ ಹೆರೆದು ಸ್ವಲ್ಪ ನೀರು ಚಿಮುಕಿಸಿದಾಗ, ಅಲ್ಲಿಯವರೆಗೆ ಒಂದೇ ಬಗೆಯ ಕಂದು ಮಣ್ಣೆಂದು ಕಂಡದ್ದರಲ್ಲಿ ಬೂದಿಯ ಪದರ, ಮೆತ್ತಿದ ನೆಲದ ಗೆರೆ, ಕಂಬ ನೆಟ್ಟ ಕುಳಿಯ ಕಪ್ಪು ಗುರುತು ಒಂದೊಂದಾಗಿ ತೋರಿಬರುತ್ತವೆ. ಆ ಗೆರೆಗಳನ್ನು ಹಾಳೆಗೆ ಇಳಿಸುವುದೇ ಪುರಾತತ್ತ್ವಜ್ಞನ ಬರವಣಿಗೆ.

ದೊರೆತ ಬೋಕಿಗಳನ್ನು ಮೆತ್ತನೆಯ ಬ್ರಷ್ಷಿನಿಂದ ತೊಳೆದು, ನೆರಳಿನಲ್ಲಿ ಒಣಗಿಸಿ, ಪ್ರತಿಯೊಂದರ ಒಳಮೈಯಲ್ಲಿ ನೆಲೆ, ವರ್ಷ, ಕುಳಿ, ಸ್ತರಗಳ ಸಂಕೇತವನ್ನು ಸಣ್ಣ ಅಕ್ಷರಗಳಲ್ಲಿ ಶಾಯಿಯಿಂದ ಬರೆಯುತ್ತಾರೆ. ಜೋರ್ವೆ ಮಡಕೆಯ ಕೆಂಪು ಮೈಯ ಮೇಲಿನ ಕಪ್ಪು ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಉಗುರಿನಿಂದ ಮೆಲ್ಲನೆ ತಟ್ಟಿ ಅದರ ಲೋಹದಂಥ ದನಿಯನ್ನು ಕೇಳಿ. ಮೂರು ಸಾವಿರ ವರ್ಷಗಳ ಹಿಂದಿನ ಕುಂಬಾರ ಅದನ್ನು ಎಷ್ಟು ಚೆನ್ನಾಗಿ ಸುಟ್ಟಿದ್ದನೆಂಬುದು ಆಗ ತಿಳಿಯುತ್ತದೆ. ನಾನು ಮೊದಲ ಬಾರಿ ಉತ್ಖನನಕ್ಕೆ ಹೋದಾಗ ಬೋಕಿಗಳ ಒಂದು ಬುಟ್ಟಿಯ ಚೀಟಿಯನ್ನು ಗಾಳಿಗೆ ಕಳೆದುಕೊಂಡೆ. ಯಾವ ಸ್ತರದ್ದೆಂದು ನೆನಪಿದೆಯೆಂದು ನಾನು ಹೇಳಿದರೂ ಮಾರ್ಗದರ್ಶಕರು ಒಪ್ಪದೆ ಆ ಇಡೀ ಬುಟ್ಟಿಯನ್ನು ಎಣಿಕೆಯಿಂದ ತೆಗೆದರು. ಅವರು ಮಾಡಿದ್ದು ಸರಿ. ಸ್ತರ ತಿಳಿಯದ ಬೋಕಿ ಬರಿಯ ಒಡೆದ ಮಡಕೆ.

ಶಾಸನದ ಪಡಿಯಚ್ಚು ತೆಗೆಯುವುದನ್ನೂ ಈ ಎರಡು ವರ್ಷಗಳಲ್ಲಿ ಗುರುಮುಖೇನ ಕಲಿಯಿರಿ. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದವನ್ನು ಹರಡಿ, ಅಕ್ಷರದ ಗುಳಿಗಳೊಳಗೆ ಅದು ಕೂರುವಂತೆ ಬ್ರಷ್ಷಿನಿಂದ ಹದವಾಗಿ ಬಡಿದು, ಅರೆ ಒಣಗಿದಾಗ ಮಸಿಯ ಉಂಡೆಯಿಂದ ಮೇಲೆ ಮೇಲೆ ಒತ್ತುತ್ತಾರೆ. ಕೊರೆದ ಅಕ್ಷರಗಳು ಬಿಳಿಯಾಗಿ ಉಳಿದು ಸುತ್ತಲ ಕಲ್ಲು ಕಪ್ಪಾಗಿ ಮೂಡುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಇದನ್ನು ಮಾಡಕೂಡದು. ಅನುಮತಿ ಸಿಗದಿದ್ದಾಗ ಇಳಿಬಿಸಿಲಿನ ಓರೆ ಬೆಳಕಿನಲ್ಲಿ ತೆಗೆದ ಚಿತ್ರ ಎಷ್ಟೋ ಸಲ ಸಾಕಾಗುತ್ತದೆ.

ಕಾನೂನನ್ನು ಮೊದಲ ತಿಂಗಳೇ ತಿಳಿದುಕೊಳ್ಳಿ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. 1972ರ ಪ್ರಾಚೀನ ವಸ್ತುಗಳ ಕಾಯಿದೆ ನೂರು ವರ್ಷ ಮೀರಿದ ಶಿಲ್ಪ, ನಾಣ್ಯ ಮುಂತಾದವುಗಳಿಗೂ, ಹಸ್ತಪ್ರತಿಗಳಾದರೆ 75 ವರ್ಷ ಮೀರಿದವುಗಳಿಗೂ ಅನ್ವಯಿಸುತ್ತದೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿಯಿಲ್ಲದೆ ಯಾರೂ ಅಗೆಯುವಂತಿಲ್ಲ. ಹೊಲದಲ್ಲಿ ಕಂಡ ಒಂದು ಮಣಿಯನ್ನೂ ನೆನಪಿಗೆಂದು ಜೇಬಿಗೆ ಹಾಕಿಕೊಳ್ಳಬೇಡಿ. ಚಿತ್ರ ತೆಗೆದು, ಜಾಗ ಗುರುತಿಸಿ, ಅಲ್ಲೇ ಬಿಡಿ.

ಆರನೇ ಹೆಜ್ಜೆ: ಪ್ರಬಂಧದ ವಿಷಯ

ಕೊನೆಯ ವರ್ಷದ ಪ್ರಬಂಧಕ್ಕೆ ‘ರಾಷ್ಟ್ರಕೂಟರ ಸಾಂಸ್ಕೃತಿಕ ಕೊಡುಗೆ’ಯಂಥ ದೊಡ್ಡ ವಿಷಯಗಳನ್ನು ಆರಿಸಬೇಡಿ. ಕಾಲಿನಿಂದ ನಡೆದು ನೋಡಿ ಮುಗಿಸಬಹುದಾದಷ್ಟು ಚಿಕ್ಕದಾಗಿರಲಿ. ಕಾನ್ಹೇರಿಯಲ್ಲಿ ಕೊಂಕಣದ ಶಿಲಾಹಾರ ಸಾಮಂತರು ತಮ್ಮ ಒಡೆಯ ಅಮೋಘವರ್ಷನ ಹೆಸರು ಹೇಳಿ ಕೆತ್ತಿಸಿದ 9ನೇ ಶತಮಾನದ ಶಾಸನಗಳಿವೆ. ನಮ್ಮ ನೃಪತುಂಗನ ಆಳ್ವಿಕೆ ಬೋರಿವಲಿಯ ಕಾಡಿನ ಬೌದ್ಧ ವಿಹಾರದ ದಾನಪತ್ರದಲ್ಲಿ ಹೇಗೆ ಕಾಣುತ್ತದೆಂಬುದೇ ಒಂದು ಪ್ರಬಂಧ. ಅದೇ ಬೋರಿವಲಿಯ ಏಕ್ಸರಿನಲ್ಲಿ ಹಡಗುಗಳ ಯುದ್ಧವನ್ನು ಕೆತ್ತಿದ ವೀರಗಲ್ಲುಗಳಿವೆ. ಕರ್ನಾಟಕದ ವೀರಗಲ್ಲುಗಳ ಪಟ್ಟಿಕೆಗಳ ಕ್ರಮವನ್ನು, ಅಂದರೆ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ ಎಂಬುದನ್ನು, ಬಲ್ಲವರು ಅವುಗಳನ್ನು ಬೇರೆಯವರಿಗಿಂತ ಬೇಗ ಓದಬಲ್ಲರು. ಗೋವಾದಲ್ಲಿರುವವರು ಕದಂಬರ ಕನ್ನಡ ಶಾಸನಗಳಲ್ಲಿ ಬರುವ ಊರಹೆಸರುಗಳನ್ನು ಇಂದಿನ ಗ್ರಾಮಗಳೊಂದಿಗೆ ಹೊಂದಿಸಿ ನೋಡಬಹುದು.

ವಿಷಯ ಸಿಕ್ಕ ಮೇಲೆ ಮೊದಲು ಶಾಸನಗಳ ಪಾಠಗಳನ್ನು ಪ್ರಕಟಿಸಿರುವ ಎಪಿಗ್ರಾಫಿಯಾ ಇಂಡಿಕಾ ಸಂಪುಟಗಳನ್ನೂ ಸರ್ವೇಕ್ಷಣ ಇಲಾಖೆಯ ವಾರ್ಷಿಕ ವರದಿಗಳನ್ನೂ ತಿರುವಿ, ಹಿಂದಿನವರು ಓದಿರುವ ಪಾಠವನ್ನು ಕೈಯಲ್ಲಿ ನಕಲು ಮಾಡಿಕೊಳ್ಳಿ. ಆಮೇಲೆ ಕಲ್ಲಿನ ಮುಂದೆ ನಿಂತು ಅಕ್ಷರ ಅಕ್ಷರವನ್ನೂ ತಾಳೆ ನೋಡಿ. ಹಿಂದಿನವರ ಪಾಠದಲ್ಲಿ ಒಂದೇ ಒಂದು ಅಕ್ಷರವನ್ನು ಆಧಾರಸಹಿತವಾಗಿ ತಿದ್ದಿದರೂ ನಿಮ್ಮ ಪ್ರಬಂಧಕ್ಕೆ ಬೆಲೆಯಿದೆ.

ಏಳನೇ ಹೆಜ್ಜೆ: ಎಂ.ಎ. ಆದ ಮೇಲೆ

ಈ ವಿದ್ಯೆಯಲ್ಲಿ ಹುದ್ದೆಗಳು ಕಡಿಮೆ, ಕಾಯಬೇಕಾದ ದಿನಗಳು ಹೆಚ್ಚು ಎಂಬುದನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ. ಅಧ್ಯಾಪಕರಾಗಲು ಯುಜಿಸಿ ನೆಟ್ ಅಥವಾ ರಾಜ್ಯದ ಸೆಟ್ ಪರೀಕ್ಷೆ ಬೇಕು. ನೆಟ್‌ನಲ್ಲಿ ಇತಿಹಾಸ ಮತ್ತು ಪುರಾತತ್ತ್ವ ಬೇರೆ ಬೇರೆ ವಿಷಯಗಳಾಗಿದ್ದು, ನೀವು ಯಾವ ವಿಭಾಗದಲ್ಲಿ ಕಲಿಸಬಯಸುತ್ತೀರೋ ಅದನ್ನು ನೋಡಿ ಆರಿಸಬೇಕು. ಪುಣೆ ವಿಶ್ವವಿದ್ಯಾಲಯ ನಡೆಸುವ ಸೆಟ್ ಮಹಾರಾಷ್ಟ್ರ ಮತ್ತು ಗೋವಾ ಎರಡಕ್ಕೂ ಸಲ್ಲುತ್ತದೆ. ಊರಿಗೆ ಮರಳುವ ಯೋಚನೆಯಿದ್ದವರು ಕೆ–ಸೆಟ್ ಬರೆಯಬೇಕು. ನೆಟ್‌ನಲ್ಲಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನ ಫೆಲೋಶಿಪ್, ದೊರೆತರೆ ಪಿಎಚ್.ಡಿ.ಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿಯ ವೇತನ ಸಿಗುವುದರಿಂದ, ಎಂ.ಎ.ಯ ಎರಡನೇ ವರ್ಷದಲ್ಲೇ ಅದಕ್ಕೆ ಕೂರುವುದು ಒಳ್ಳೆಯದು.

ಸರ್ವೇಕ್ಷಣ ಇಲಾಖೆಗೆ ಸೇರಬೇಕೆನ್ನುವವರು ಗ್ರೇಟರ್ ನೋಯ್ಡಾದ ಪಂಡಿತ್ ದೀನದಯಾಳ್ ಉಪಾಧ್ಯಾಯ ಪುರಾತತ್ತ್ವ ಸಂಸ್ಥೆಯ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾಕ್ಕೆ ಪ್ರಯತ್ನಿಸಬೇಕು. ಅಲ್ಲಿನ ಸ್ಥಾನಗಳು ಬೆರಳೆಣಿಕೆಯಷ್ಟು, ಪೈಪೋಟಿ ಹೆಚ್ಚು. ಆದರೆ ಇಲಾಖೆಯ ಉತ್ಖನನಗಳಲ್ಲಿ ಕೈಪಳಗಿಸಿಕೊಳ್ಳಲು ಅದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ. ವಸ್ತು ಸಂಗ್ರಹಾಲಯದ ಕೆಲಸ ಹಿಡಿಸಿದವರು ಮುಂಬಯಿಯಲ್ಲೇ ಸಂಗ್ರಹಾಲಯಶಾಸ್ತ್ರದ ಡಿಪ್ಲೊಮಾ ಮಾಡಬಹುದು.

ಶಾಸನಗಳ ಹಾದಿ ಹಿಡಿದವರು ಮೈಸೂರಿನಲ್ಲಿರುವ ಸರ್ವೇಕ್ಷಣ ಇಲಾಖೆಯ ಶಾಸನ ಶಾಖೆಗೆ ಒಮ್ಮೆಯಾದರೂ ಹೋಗಿಬರಬೇಕು. ಸಾವಿರಾರು ಶಾಸನಗಳ ಪಡಿಯಚ್ಚುಗಳು ಅಲ್ಲಿ ಸಂಗ್ರಹವಾಗಿವೆ. ಪಿಎಚ್.ಡಿ.ಯ ರೂಪುರೇಷೆ ಬರೆಯುವ ಮುನ್ನ ನಿಮ್ಮ ಪ್ರಬಂಧದ ಶಾಸನಗಳ ಪಟ್ಟಿ, ಅವು ಪ್ರಕಟವಾದ ಸಂಪುಟ ಮತ್ತು ಪುಟಸಂಖ್ಯೆ, ಮಾರ್ಗದರ್ಶಕರ ಪತ್ರ ಇವುಗಳೊಂದಿಗೆ ಮೊದಲೇ ಅನುಮತಿ ಕೋರಿ ಬರೆಯಿರಿ. ಹೋಗುವಾಗ ಕಲ್ಲಿನ ಮುಂದೆ ನೀವೇ ತಾಳೆ ನೋಡಿ ಸಿದ್ಧಪಡಿಸಿದ ಪಾಠ ಕೈಯಲ್ಲಿರಲಿ. ಕಲ್ಲಿನ ಮೇಲೆ ಇಂದು ಸವೆದುಹೋಗಿರುವ ಸಾಲು ಹಳೆಯ ಪಡಿಯಚ್ಚಿನಲ್ಲಿ ಇನ್ನೂ ಸ್ಪಷ್ಟವಾಗಿ ಉಳಿದಿರುವ ಸಾಧ್ಯತೆಯಿದೆ.